ಸೋತರೂ ಬೇಜಾರಿಲ್ಲ

ಮೊದಲ ಸೆಟ್ ಇಪ್ಪತ್ತೈದು–ಹದಿನಾಲ್ಕಕ್ಕೆ ಕಳೆದುಕೊಂಡು ಬಂದ ಮಿಡಿಗೇಶಿ ಹುಡುಗರು ನೀರಿನ ಕ್ಯಾನಿನ ಸುತ್ತ ನಿಂತು ನಗುತ್ತಿದ್ದರು. ಕೋಚ್ ರಂಗನಾಥನಿಗೆ ಮೈಯೆಲ್ಲ ಉರಿದುಹೋಯಿತು. ಶಿರಾ ಮೈದಾನದಲ್ಲಿ ಶಿರಾದವರ ಮೇಲೇ ವಾಲಿಬಾಲ್ ಸೆಮಿಫೈನಲ್. ಇನ್ನೊಂದು ಸೆಟ್ ಹೋದರೆ ಗಂಟುಮೂಟೆ ಕಟ್ಟುವುದೇ. ಕ್ಲಬ್ಬು ಫೈನಲ್ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಇವಕ್ಕೆ ನಗು ಬೇರೆ ಕೇಡು!

ನಾಯಕ ಕಿರಣ್ ಕುಮಾರನನ್ನು ಪಕ್ಕಕ್ಕೆ ಕರೆದು ಗದರಿದ. ಕಿರಣ್ ಏನೂ ಮುಚ್ಚಿಡಲಿಲ್ಲ.

"ಪ್ರೆಸಿಡೆಂಟ್ರೇ ವಾಟ್ಸಾಪ್‌ನಾಗೆ ಹೇಳವ್ರಲ್ಲ ಸಾರ್, ಸೋತ್ರೂ ಬೇಜಾರಿಲ್ಲ, ಅನುಭವ ಆಗ್ಲಿ ಅಂತ. ನಾವು ಗೆಲ್ಲಲ್ಲ ಅಂತ ಅವ್ರಿಗೇ ಗೊತ್ತಾದ್ಮ್ಯಾಲೆ ಇನ್ನೇನು?"

ಆ ಮಾತನ್ನು ರಂಗನಾಥನೂ ಬೆಳಿಗ್ಗೆ ವ್ಯಾನಿನಲ್ಲಿ ಹುಡುಗರ ಫೋನಿನಿಂದ ಕೇಳಿದ್ದ. ಒಳ್ಳೆಯ ಮಾತೇ ಅಂದುಕೊಂಡು ಸುಮ್ಮನಾಗಿದ್ದ.

ಹಳೆಯ ಅಧ್ಯಕ್ಷ ಚಿಕ್ಕನರಸಯ್ಯನವರು ಬದುಕಿರಬೇಕಿತ್ತು. ರಂಗನಾಥ ಆಡುತ್ತಿದ್ದ ಕಾಲದಲ್ಲಿ ತಂಡ ಬಸ್ಸು ಹತ್ತುವ ಮುಂಚೆಯೇ ಅವರು ತಮಟೆಯವರಿಗೆ ವೀಳ್ಯ ಕೊಟ್ಟುಬಿಡುತ್ತಿದ್ದರು. "ಸಂಜೆ ಆರಕ್ಕೆ ಬಸ್ ಸ್ಟ್ಯಾಂಡ್‌ನಾಗೆ ತಮಟೆ ಬಡೀತಾರೆ ಕಣ್ರಲಾ. ಬರೀಗೈಲಿ ಹೆಂಗೆ ಇಳೀತೀರೋ ನೀವೇ ನೋಡ್ಕಳಿ" ಎನ್ನುತ್ತಿದ್ದರು. ಸೋತ ದಿನ ಹನ್ನೆರಡು ಜನವೂ ಹಿಂದಿನ ಸ್ಟಾಪಿನಲ್ಲೇ ಇಳಿದು, ಕಡಲೆಕಾಯಿ ಹೊಲದ ಬದು ಹಿಡಿದು ಕಳ್ಳರ ಹಾಗೆ ಊರು ಸೇರುತ್ತಿದ್ದರು. ಮರುದಿನ ಚಿಕ್ಕನರಸಯ್ಯನವರು ಮನೆಮನೆಗೂ ಬಂದು ಬೈಯುತ್ತಿದ್ದರು. ಬೈದು ಬೈದು ಕೊನೆಗೆ ತಾವೇ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗೆ ಬೈಯುವವರು ಈಗ ಯಾರಿದ್ದಾರೆ?

ಈಗಿನ ಪ್ರೆಸಿಡೆಂಟ್ ಪ್ರಭುದೇವ್ ಗೆರೆಯಾಚೆ ಕಿತ್ತಳೆ ಸುಲಿಯುತ್ತ ನಿಂತಿದ್ದರು. ಗೊಬ್ಬರದ ಅಂಗಡಿಯವರು, ಮೆತ್ತಗಿನ ಮನುಷ್ಯ. ರಂಗನಾಥ ಹೋಗಿ ವಿಷಯ ತಿಳಿಸಿದಾಗ ಅವರ ಮುಖ ಸಪ್ಪಗಾಯಿತು. ಹುಡುಗರಿಗೆ ಭಾರವಾಗಬಾರದು ಅಂತ ಹಾಗಂದೆ ಎಂದರು.

"ಭಾರ ಹಾಕಿ ಸಾರ್, ಹೊರ್ತಾರೆ."

ಪ್ರಭುದೇವ್ ಹಣ್ಣನ್ನು ಜೇಬಿಗೆ ತುರುಕಿಕೊಂಡು ಹುಡುಗರ ನಡುವೆ ಹೋಗಿ ನಿಂತರು. ಮಾತು ತಡವರಿಸಿತು.

"ಬೆಳಿಗ್ಗೆ ಸುಳ್ಳು ಹೇಳ್ದೆ ಕಣ್ರಪ್ಪ. ಸೋತ್ರೆ ನಂಗೆ ಬೇಜಾರಾಗುತ್ತೆ. ತುಂಬಾ ಬೇಜಾರಾಗುತ್ತೆ."

ಕಿರಣ್ ಬಗ್ಗಿ ಶೂ ದಾರ ಬಿಗಿದುಕೊಂಡ.

ಎರಡನೆಯ ಸೆಟ್ಟನ್ನು ಹುಡುಗರು ಕಿತ್ತುಕೊಂಡರು. ಹದಿನೈದಕ್ಕೇ ಮುಗಿಯುವ ಮೂರನೆಯದರಲ್ಲಿ ಹದಿಮೂರು–ಹದಿಮೂರರವರೆಗೂ ಬಿಟ್ಟುಕೊಡಲಿಲ್ಲ. ಕಿರಣ್ ಗರಸು ನೆಲದ ಮೇಲೆ ಉದ್ದಕ್ಕೆ ಬಿದ್ದು ಎರಡು ಚೆಂಡು ಎತ್ತಿದ. ಆದರೂ ಕೊನೆಯ ಎರಡು ಪಾಯಿಂಟ್ ಶಿರಾದವರ ಪಾಲಾದವು.

ಕಿರಣ್ ಅಂಕಣದ ನಡುವೆಯೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ನೋಡಿ ಉಳಿದವರೂ ಅತ್ತರು. ಸಮಾಧಾನ ಹೇಳಲು ಹೊರಟ ಪ್ರಭುದೇವರ ಕೈಯನ್ನು ರಂಗನಾಥ ಹಿಡಿದುಕೊಂಡ.

"ಅಳ್ಲಿ ಬುಡಿ ಸಾರ್."

ಅವನಿಗೆ ಒಳಗೊಳಗೇ ಹಿಗ್ಗಾಗಿತ್ತು. ಆಮೇಲೆ ಹೋಗಿ ಕಿರಣನ ಪಕ್ಕ ಕೂತ. ಅವನ ತರಚಿದ ಮೊಣಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಚರ್ಮಕ್ಕೆ ಹೊಕ್ಕಿದ್ದ ಮರಳಿನ ಹರಳುಗಳನ್ನು ಉಗುರಿನಿಂದ ಒಂದೊಂದಾಗಿ ತೆಗೆಯತೊಡಗಿದ.