ಏಳನೇ ಮೆಟ್ಟಿಲು

ಈ ಸಲದ ಎನ್ನೆಸ್ಸೆಸ್ ಶಿಬಿರ ಸಾಲಿಗ್ರಾಮದ ಹತ್ತಿರದ ನಮ್ಮೂರಿನಲ್ಲೇ, ಅದೂ ಕಲ್ಯಾಣಿಯ ಹೂಳೆತ್ತುವುದಕ್ಕೆ ಎಂದು ತಿಳಿದಾಗ ಹೆಸರು ವಾಪಸ್ ತೆಗೆಸಲು ಹೋದೆ. "ಊರಿನವನೇ ಬರದಿದ್ರೆ ಹೇಗೋ ಉಮಾಶಂಕರ?" ಎಂದರು ಮೇಷ್ಟ್ರು. ಬಂದವನು ಅಡುಗೆಯ ಪಾಳಿ ಹಿಡಿದು ಮೂರು ದಿನ ಈರುಳ್ಳಿ ಹೆಚ್ಚಿದೆ. ಕಣ್ಣು ಕೆಂಪಾಗಿದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ, ಅಷ್ಟೇ ಲಾಭ.

ನಾಲ್ಕು ವರ್ಷದ ಹಿಂದೆ ನನ್ನ ತಮ್ಮ ಮಲ್ಲೇಶ್ ಅದೇ ಕಲ್ಯಾಣಿಯಲ್ಲಿ ಮುಳುಗಿ ಸತ್ತ. ಅವನಿಗೆ ಹತ್ತು, ನನಗೆ ಹದಿನಾರು. ಆಗ ನಾನು ಹೊಲದಲ್ಲಿದ್ದೆ ಎಂದು ಅವ್ವನಿಗೂ ಊರಿಗೂ ಹೇಳಿದ್ದೇನೆ. ಸುಳ್ಳು. ಅವನು ಜಾರಿದಾಗ ಹಿಂದಿನ ಮೆಟ್ಟಿಲಲ್ಲೇ ಇದ್ದೆ. ನೀರಿಗೆ ಒಂದು ಮೆಟ್ಟಿಲು ಇಳಿದೆ, ಕೈಗೆ ಸಿಗಲಿಲ್ಲ. ಈಜು ಬಾರದು. ಹೆದರಿ ಹೊಲಕ್ಕೆ ಓಡಿಬಿಟ್ಟೆ, ಯಾರನ್ನೂ ಕೂಗಲಿಲ್ಲ.

ನಾಲ್ಕನೇ ದಿನ ಕಾಫಿ ಕೊಡಲು ಕಲ್ಯಾಣಿಯ ಹತ್ತಿರ ಹೋಗಲೇಬೇಕಾಯಿತು. ನನ್ನ ಹಾಸ್ಟೆಲ್ ಗೆಳೆಯ ರಿಹಾನ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಗೋಡೆಗೆ ಕಬ್ಬಿಣದ ಬಳೆ ಹೊಡೆಯುತ್ತಿದ್ದ. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ದಂಡೆಯಲ್ಲಿ ನಮ್ಮ ಕ್ಲಾಸಿನ ಅಲ್ಮಾಸಳ ಕೈಯಲ್ಲಿತ್ತು. ಇಲ್ಲೊಬ್ಬ ಹುಡುಗ ಸತ್ತಿದ್ದಾನೆಂದು ಕೇಳಿದ ದಿನವೇ ಅವಳು ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅಪ್ಪನಿಗೆ ಹೇಳಿ ಬಳೆ ಮಾಡಿಸಿದ್ದಳು. ಬಳೆಗಳಿಗೆ ಸುತ್ತಲೂ ಹಗ್ಗ ಕಟ್ಟಿದರೆ ಬಿದ್ದವರು ಹಿಡಿದುಕೊಳ್ಳಬಹುದು. ನಾಲ್ಕು ವರ್ಷ ಈ ನೀರನ್ನು ಶಪಿಸಿದ ನನಗೆ ಒಂದು ಹಗ್ಗ ಹೊಳೆದಿರಲಿಲ್ಲ.

"ನಿಂಗೂ ಈಜು ಬರಲ್ವಲ್ಲೋ?" ಎಂದು ರಿಹಾನನನ್ನು ಕೇಳಿದೆ.

"ಬರಲ್ಲ. ಭಯ ಆಯ್ತದೆ, ಇಡ್ಕೊ ಅಂತ ಇವಳನ್ನ ಕೇಳ್ದೆ ಕಣ್ಲಾ."

ಭಯವನ್ನು ಹೀಗೆ ಸಲೀಸಾಗಿ ಹೇಳಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಅವನ ಮುಂದೆ ನಾಚಿಕೆಯಾಯಿತು.

"ಆ ಹುಡುಗ ಜಾರಿದ್ದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ವಂತೆ. ಅಲ್ಲಿಂದ್ಲೇ ಕಟ್ಬೇಕಿತ್ತು," ಎಂದಳು ಅಲ್ಮಾಸ್. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ.

ಕಾಫಿಯ ಕ್ಯಾನು ಕೆಳಗಿಟ್ಟು ಇಳಿದೆ. ಏಳನೇ ಮೆಟ್ಟಿಲಲ್ಲಿ ನಿಂತು, "ಇಲ್ಲಿ," ಎಂದೆ. "ಅವನು ನನ್ ತಮ್ಮ. ನಾನಿಲ್ಲೇ ಇದ್ದೆ. ಓಡೋದೆ."

ರಿಹಾನ್ ಸುತ್ತಿಗೆ ಚಾಚಿದ. ಅಲ್ಮಾಸ್ ಇನ್ನೊಂದು ಹಗ್ಗ ಎಸೆದು, "ಸೊಂಟಕ್ಕೆ ಕಟ್ಕೊ, ನಾನ್ ಇಡ್ಕೋತೀನಿ," ಎಂದಳು.

ಕಟ್ಟಿಕೊಂಡು ತಲೆಯೆತ್ತಿದರೆ ಮೇಲೆ ಅವ್ವ. ಶಿಬಿರದ ಮಕ್ಕಳಿಗೆ ಊರ ಹೆಂಗಸರು ಸರದಿಯಲ್ಲಿ ಮಜ್ಜಿಗೆ ತರುತ್ತಿದ್ದರು. ಆ ದಿನ ಅವಳ ಸರದಿ. ನಾಲ್ಕು ವರ್ಷದಿಂದ ಇತ್ತ ಸುಳಿಯದವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಂಗೊತ್ತಿತ್ತು ಕಣ್ಮಗ," ಎಂದಳು. "ಅವತ್ತು ನೀನು ಮನೆಗ್ ಬಂದಾಗ ಪ್ಯಾಂಟು ಮಂಡಿಗಂಟ ನೆಂದಿತ್ತು. ನೀನಾಗೇ ಬಾಯ್ಬುಡ್ಲಿ ಅಂತ ಸುಮ್ಕಿದ್ದೆ."

ಮಜ್ಜಿಗೆಯ ಬಿಂದಿಗೆ ಇಳಿಸಿ ಮೊದಲನೇ ಮೆಟ್ಟಿಲಲ್ಲಿ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡು, "ಅಗ್ಗ ಬಿಗಿಯಾಗಿ ಕಟ್ಟು," ಎಂದಳು.