ತಟ್ಟೆಯಲ್ಲಿ ಸತ್ತ ರೋಗಾಣು

ಹನ್ನೊಂದು ವರ್ಷದಿಂದ ಅವಳು ಪ್ರಯೋಗಾಲಯದಲ್ಲಿ ಎಲೆ ಕುದಿಸುತ್ತಿದ್ದಳು. ಸೀಬೆ ಎಲೆ ತೊಳೆದು, ನೆರಳಲ್ಲಿ ಒಣಗಿಸಿ, ಕುದಿಸಿ, ಸೋಸಿ, ಆ ರಸವನ್ನು ಮೈಲುತುತ್ತದ ನೀಲಿ ನೀರಿಗೆ ಹನಿಹನಿಯಾಗಿ ಬಿಡಬೇಕು. ನೀಲಿ ಹಸಿರಾಗಿ, ಹಸಿರು ಕಂದು ಬಣ್ಣಕ್ಕೆ ತಿರುಗಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣಗಳು ಹುಟ್ಟಿವೆ ಎಂದರ್ಥ. ಅಣ್ಣ ಅವಳನ್ನು ಕರೆಯುತ್ತಿದ್ದದ್ದೇ ‘ಕಷಾಯದವಳೇ’ ಎಂದು.

ಅಣ್ಣ ಲಿಫ್ಟ್ ರಿಪೇರಿಯವನು. ಸಕ್ಕರೆ ಕಾಯಿಲೆಯಿತ್ತು, ಅದಕ್ಕೆ ಕ್ಯಾರೇ ಅಂದವನಲ್ಲ. ಯಾವುದೋ ಕಟ್ಟಡದ ಲಿಫ್ಟ್ ಗುಂಡಿಗೆ ಇಳಿದಾಗ ತಂತಿಯ ತುಂಡೊಂದು ಬೂಟು ತೂರಿ ಹಿಮ್ಮಡಿಗೆ ಚುಚ್ಚಿತು. ನೋವೇ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಕಾಲು ಕುಂಬಳಕಾಯಿಯಂತೆ ಊದಿಕೊಂಡಿತ್ತು. ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಆಂಟಿಬಯೋಟಿಕ್ ಕೊಟ್ಟರು. ರೋಗಾಣು ಯಾವುದಕ್ಕೂ ಜಪ್ಪಯ್ಯ ಅನ್ನಲಿಲ್ಲ.

ಅದೇ ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಕೀವಿನ ಮಾದರಿಗಳು ಬರುತ್ತಿದ್ದವು, ಹೆಸರಿಲ್ಲದೆ, ಬರೀ ನಂಬರಿನಲ್ಲಿ. ಆ ವಾರ ತರಲು ಹೋದವಳು ಅವಳೇ. ನರ್ಸ್ ಅಣ್ಣನ ಗಾಯ ಒರೆಸಿದ ಹತ್ತಿಕಡ್ಡಿಯನ್ನು ಟ್ಯೂಬಿಗೆ ಹಾಕಿದ್ದನ್ನು ಕಣ್ಣಾರೆ ಕಂಡಳು. ಎರಡು ದಿನ ಬೆಳೆಸಿದ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಹರಡಿ, ನಡುವೆ ತಾಮ್ರದ ಕಣಗಳಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟಳು. ಮರುದಿನ ನೋಡಿದರೆ ತಟ್ಟೆಯೆಲ್ಲ ಕೆನೆಗಟ್ಟಿದಂತೆ ರೋಗಾಣು, ಬಿಲ್ಲೆಯ ಸುತ್ತ ಮಾತ್ರ ತೊಳೆದಿಟ್ಟಂತೆ ಖಾಲಿ.

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಧ್ಯಾಹ್ನವೇ ಆಸ್ಪತ್ರೆಗೆ ಓಡಿದಳು.

“ಅಣ್ಣಾ, ನಿನ್ನ ಕಾಲಲ್ಲಿರೋ ರೋಗಾಣು ನಮ್ಮ ತಾಮ್ರಕ್ಕೆ ಸತ್ತೋಯ್ತು. ನಾನೇ ನೋಡ್ದೆ.”

ಅತ್ತಿಗೆ ಅಳುತ್ತಲೇ ನಕ್ಕಳು. ಅಣ್ಣ ದಿಂಬಿಗೊರಗಿ ಎದ್ದು ಕೂತ. “ಇಷ್ಟು ವರ್ಷ ಇವಳ ಕಷಾಯಾನ ಆಡ್ಕೊಂಡೆ. ಕೊನೆಗೆ ನನಗೇ ಬೇಕಾಯ್ತು ನೋಡು.”

ಮರುದಿನ ಸರ್ಜನ್ ಬಂದು ಮೊಣಕಾಲಿನ ಕೆಳಗೆ ಕಾಲು ತೆಗೆಯಲೇಬೇಕು, ತಡಮಾಡುವಂತಿಲ್ಲ ಎಂದರು. ಅಣ್ಣ ಒಪ್ಪಲಿಲ್ಲ. “ನನ್ನ ತಂಗಿ ಮದ್ದು ತರ್ತಾಳೆ” ಎಂದುಬಿಟ್ಟ. ಅತ್ತಿಗೆ ಫೋನ್ ಮಾಡಿ ಅವಳಿಗೆ ಅದನ್ನು ಹೇಳಿದಳು.

ಪ್ರಯೋಗಾಲಯ ನಡೆಸುವ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದಳು. ಮೇಡಂ ಬೈಯಲಿಲ್ಲ. ಇನ್ನೊಂದು ತಟ್ಟೆ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. “ಇದು ಮನುಷ್ಯರ ಚರ್ಮದ ಜೀವಕೋಶ. ಅದೇ ತಾಮ್ರ, ಅಷ್ಟೇ ಪ್ರಮಾಣ. ನೋಡು.”

ಎಲ್ಲ ಮುದುಡಿ ಸತ್ತಿದ್ದವು.

“ಗಾಯಕ್ಕೆ ಹಚ್ಚೋ ಹಾಗಾಗೋದಕ್ಕೆ ಇನ್ನೂ ಎಷ್ಟೋ ವರ್ಷ ಬೇಕು. ನಿನಗಿದು ಗೊತ್ತಿಲ್ದೆ ಇಲ್ಲ.”

ಗೊತ್ತಿತ್ತು. ಅಂಥ ತಟ್ಟೆಗಳನ್ನು ಅವಳೇ ತೊಳೆದಿದ್ದಳು. ಸಂತೋಷದ ಭರದಲ್ಲಿ ಅದೊಂದನ್ನು ನುಂಗಿಕೊಂಡಿದ್ದಳು.

“ಅದು ಮದ್ದಲ್ಲ ಅಣ್ಣ. ನಾನು ಬಾಯಿ ಬಿಡಬಾರದಿತ್ತು. ಕಾಲು ತೆಗೆಸ್ಕೋ” ಎಂದು ಸಂಜೆ ಅಂಗಲಾಚಿದಳು.

“ಮೇಡಂಗೆ ಹೆದರ್ತಿದೀಯ ನೀನು. ಒಂದು ಚಿಕ್ಕ ಬಾಟಲಿ ತಾ, ಯಾರಿಗೂ ಗೊತ್ತಾಗಲ್ಲ.”

“ತರಲ್ಲ.”

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಮೂರು ದಿನ ಅವಳು ಬಂದಾಗಲೆಲ್ಲ ಹಾಗೆಯೇ ಮಲಗಿದ್ದ. ನಾಲ್ಕನೇ ದಿನ ಜ್ವರ ನೆತ್ತಿಗೇರಿ ಏನೇನೋ ಬಡಬಡಿಸತೊಡಗಿದಾಗ ಅತ್ತಿಗೆ ಸಹಿ ಹಾಕಿದಳು. ಕಾಲು ತೆಗೆದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಸೇರಿತ್ತು. ಎರಡು ದಿನಕ್ಕೆ ಅಣ್ಣ ಹೋದ.

ಅತ್ತಿಗೆ ಕೂಗಾಡಲಿಲ್ಲ. ಅವನ ಬಟ್ಟೆ ಮಡಚುತ್ತಾ, “ಅವತ್ತು ನೀನು ಬರದೇ ಇದ್ದಿದ್ರೆ, ಒಂದು ಕಾಲಲ್ಲಾದ್ರೂ ಇರ್ತಿದ್ರು” ಎಂದಳು. ಆಮೇಲೆ ಅತ್ತಿಗೆ ಅವಳ ಫೋನ್ ಎತ್ತಲಿಲ್ಲ.

ಯಾವ ಔಷಧಿಗೂ ಬಗ್ಗದ ಅಣ್ಣನ ಕಾಲಿನ ರೋಗಾಣು ಅಪರೂಪದ್ದಾದ್ದರಿಂದ ಅದನ್ನು ಪ್ರಯೋಗಾಲಯದಲ್ಲಿ ಜೀವಂತ ಉಳಿಸಿಕೊಳ್ಳಬೇಕಿತ್ತು. ಬೇರೆ ಯಾರಿಗಾದರೂ ವಹಿಸುತ್ತೇನೆ ಎಂದರು ಮೇಡಂ. “ಬೇಡ, ನಾನೇ ಮಾಡ್ತೀನಿ” ಎಂದಳು. ಹದಿನೈದು ದಿನಕ್ಕೊಮ್ಮೆ ಹೊಸ ಟ್ಯೂಬಿಗೆ ದಾಟಿಸಿ ಅದಕ್ಕೆ ಆಹಾರ ಕೊಡುತ್ತಾಳೆ. ತಾಮ್ರವನ್ನು ಇಷ್ಟಿಷ್ಟೇ ಕಡಿಮೆ ಮಾಡುತ್ತಾ ಒಂದು ತಟ್ಟೆಯಲ್ಲಿ ಅದನ್ನೂ ಇನ್ನೊಂದರಲ್ಲಿ ಚರ್ಮದ ಜೀವಕೋಶವನ್ನೂ ಇಟ್ಟು ನೋಡುತ್ತಾಳೆ. ಇಲ್ಲಿಯವರೆಗೆ, ಚರ್ಮ ಉಳಿಯುವಷ್ಟು ತಾಮ್ರಕ್ಕೆ ರೋಗಾಣುವೂ ಉಳಿದಿದೆ. ಹಾಗೆಂದೇ ಪುಸ್ತಕದಲ್ಲಿ ಬರೆದು, ಕೈ ತೊಳೆದು ಮನೆಗೆ ಹೋಗುತ್ತಾಳೆ.