ಪಕ್ಕದ ಕುರ್ಚಿ

"ಮನೆಯಿಂದ ಈ ಕೆಲಸ ಆಗಲ್ಲ ಅಂತ ಮೇಲಿನವರು ಪಟ್ಟು ಹಿಡಿದಿದಾರೆ. ಆಗುತ್ತೆ ಅಂತ ತೋರಿಸೋಕೆ ನನ್ನ ಹತ್ರ ಇರೋದು ಇವರೊಬ್ಬರೇ," ಎಂದರು ಮ್ಯಾನೇಜರು. ಲ್ಯಾಪ್‌ಟಾಪಿನ ಪರದೆಯ ತುಂಬ ಸಹೋದ್ಯೋಗಿಗಳ ಪುಟ್ಟ ಮುಖಗಳು. "ನೀವೆಲ್ಲ ಸಿಕ್ಕಿಕೊಂಡವರನ್ನ ಹೋಲ್ಡ್‌ನಲ್ಲಿಟ್ಟು ಮೆಕ್ಯಾನಿಕ್‌ಗೆ ಫೋನ್ ಹಚ್ಚುತ್ತೀರಿ. ಇವರು ಎಷ್ಟೋ ತಿಂಗಳಿಂದ ಯಾರನ್ನೂ ಹೋಲ್ಡ್‌ನಲ್ಲಿಟ್ಟಿಲ್ಲ. ಹೇಗಮ್ಮ ಅದು? ಇವರಿಗೂ ಸ್ವಲ್ಪ ಹೇಳಿಕೊಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಮಡಿಲಲ್ಲಿ ಮೊಬೈಲು.

ಅವಳದು ಲಿಫ್ಟ್ ಕಂಪನಿಯ ತುರ್ತು ವಿಭಾಗ. ಕೆಟ್ಟು ನಿಂತ ಲಿಫ್ಟಿನೊಳಗಿಂದ ಯಾರಾದರೂ ಗಂಟೆಯ ಗುಂಡಿ ಒತ್ತಿದರೆ ಅದು ಇವರ ಕಿವಿಯಲ್ಲಿ ಬಡಿದುಕೊಳ್ಳುತ್ತದೆ. ಆಫೀಸಿದ್ದಾಗ ಒಂದೊಂದು ಮೇಜಿಗೆ ಇಬ್ಬರು. ಒಬ್ಬರು ಒಳಗಿರುವವರ ಜೊತೆ ಮಾತಾಡುತ್ತಲೇ ಇರಬೇಕು, ಇನ್ನೊಬ್ಬರು ಮೆಕ್ಯಾನಿಕ್‌ನನ್ನು ಹುಡುಕಿ ಓಡಿಸಬೇಕು. ಎಲ್ಲರನ್ನೂ ಮನೆಗೆ ಕಳಿಸಿದಾಗ ಕಂಪನಿ ಜೋಡಿಗಳನ್ನು ಮುರಿಯಿತು. ಒಬ್ಬರಿಗೊಂದು ಲ್ಯಾಪ್‌ಟಾಪು, ಎರಡೂ ಕೆಲಸ. ಮೆಕ್ಯಾನಿಕ್ ಸಿಗುವವರೆಗೆ ಕತ್ತಲ ಪೆಟ್ಟಿಗೆಯೊಳಗಿನ ಮನುಷ್ಯ ಹೋಲ್ಡ್‌ನ ಪೀಪಿ ಸಂಗೀತ ಕೇಳಿಕೊಂಡಿರಬೇಕು.

ಮೊದಲ ವಾರ, ಹಾಗೆ ಕೇಳಿಸಿಕೊಂಡ ಹೆಂಗಸೊಬ್ಬಳು ಲೈನು ಮರಳಿದೊಡನೆ ಕಿರುಚಿದ್ದು ಹೆಡ್‌ಫೋನು ದಾಟಿ ಹೊರಗೆ ಬಂದ ದಿನವೇ ಅತ್ತೆ ಒಳಬಂದಿದ್ದರು. "ನೀನು ಅವಳ ಹತ್ರ ಮಾತಾಡು. ಆ ಮಹಾರಾಯನ ನಂಬರು ಇತ್ಲಾಗೆ ಕೊಡು," ಎಂದಿದ್ದರು. ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದವರು; ಗಂಟಲಿಗೇನೂ ಕಡಿಮೆಯಿರಲಿಲ್ಲ. ಅಲ್ಲಿಂದ ಅದೇ ಪದ್ಧತಿಯಾಯಿತು. ಖಚಿತಪಡಿಸಿಕೊಳ್ಳುವವಳಂತೆ ಅವಳು ವಿಳಾಸವನ್ನು ಗಟ್ಟಿಯಾಗಿ ಹೇಳುವುದು, ಅತ್ತೆ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಮೆಕ್ಯಾನಿಕ್‌ನನ್ನು ಎಬ್ಬಿಸುವುದು. ಮೆಕ್ಯಾನಿಕ್‌ಗಳು ಅವರನ್ನು ಕಂಪನಿಯ ಯಾರೋ ದೊಡ್ಡ ಮೇಡಂ ಎಂದೇ ತಿಳಿದಿದ್ದರು. ಅವರಲ್ಲೊಬ್ಬನಿಗೆ ಅತ್ತೆ ಸ್ಪ್ಯಾನರ್ ಎಂದೇ ಹೆಸರಿಟ್ಟಿದ್ದರು. ಹೊರಗಿನವರ ಕಿವಿಗೆ ಕರೆ ಬಿದ್ದರೆ ಕೆಲಸದಿಂದ ವಜಾ ಎಂಬುದು ನಿಯಮ. ಎರಡು ಬಸ್ಸು ಬದಲಿಸಿ ನಿಂತುಕೊಂಡು ಹೋಗುವ ಬದುಕಿಗೆ ಮರಳುವ ಮನಸ್ಸು ಅವಳಿಗಿರಲಿಲ್ಲ. ಹಾಗಾಗಿ ಬಾಯಿ ಬಿಟ್ಟಿರಲಿಲ್ಲ.

ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಹೆಡ್‌ಫೋನಿನಲ್ಲಿ ಗಂಟೆ ಬಡಿಯಿತು.

"ತಗೊಳ್ಳಿ, ತಗೊಳ್ಳಿ. ಎಲ್ಲರೂ ನೋಡಲಿ," ಎಂದರು ಮ್ಯಾನೇಜರು.

ಗಂಡಸಿನ ದನಿ. ಒಬ್ಬನೇ ಇದ್ದಾನೆ, ದೀಪ ಆರಿದೆ, ಉಸಿರು ಕಟ್ಟುತ್ತಿದೆ. ಅತ್ತೆ ಬಾಗಿಲಿಂದ ಕೈಸನ್ನೆ ಮಾಡಿದರು: ಇವತ್ತು ನಾನು ಬೇಡ, ಹೋಲ್ಡ್ ಒತ್ತು. ಅವಳ ಬೆರಳು ಗುಂಡಿಯ ಮೇಲೆ ಹೋಯಿತು.

"ಹಲೋ? ಹೋಗಬೇಡಿ ಮೇಡಂ," ಎಂದ ಅವನು.

ಅವಳು ಬೆರಳು ತೆಗೆದಳು. ಮುಖವನ್ನೇ ಬಾಗಿಲಿಗೆ ತಿರುಗಿಸಿ, "ಅತ್ತೆ, ಗ್ರಂಥಾಲಯದ ಹಿಂದಿನ ಕಟ್ಟಡ. ಮೂರು ನಾಲ್ಕನೇ ಮಹಡಿ ಮಧ್ಯ ನಿಂತಿದೆ," ಎಂದಳು.

ಅತ್ತೆ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಬಂದು, ಕ್ಯಾಮೆರಾದ ಮುಂದೆಯೇ, ಅವಳ ಪಕ್ಕ ಕೂತು ನಂಬರು ಒತ್ತಿದರು.

"ಸ್ಪ್ಯಾನರ್, ಎಲ್ಲಿದೀಯಪ್ಪಾ? ಟೀ ಆಮೇಲೆ ಕುಡಿಯುವೆಯಂತೆ, ಲೋಟ ಕೆಳಗಿಡು. ಗ್ರಂಥಾಲಯದ ಹಿಂದೆ. ಇಲ್ಲ, ಮುಂದಿನ ರಸ್ತೇಲಿ ಹೋಗಬೇಡ, ಅಗೆದು ಹಾಕಿದಾರೆ."

ಇತ್ತ ಅವಳು ಕೇಳುತ್ತಿದ್ದಳು, "ಏನು ಕೆಲಸ ನಿಮ್ಮದು? ಚಪ್ಪಲಿ ಅಂಗಡಿನಾ? ಹಾಗಾದ್ರೆ ಒಳ್ಳೇ ಸಮಯಕ್ಕೆ ಸಿಕ್ಕಿದ್ರಿ. ಆ ಹಿಮ್ಮಡಿ ಕಚ್ಚೋ ಚಪ್ಪಲಿನ ಯಾಕೆ ಮಾರ್ತೀರಿ ಹೇಳಿ ನೋಡೋಣ."

ಅವನು ರೇಗಿದ. ಕಚ್ಚುವುದು ಚಪ್ಪಲಿಯ ತಪ್ಪಲ್ಲ, ಅಳತೆ ನೋಡದೆ ಚೆಂದ ನೋಡಿ ಕೊಳ್ಳುವವರದ್ದು ಎಂದು ವಾದಕ್ಕಿಳಿದ. ಸಿಟ್ಟು ಬಂದವನಿಗೆ ಉಸಿರು ತಾನಾಗಿ ಬರುತ್ತದೆ. ಚರ್ಮ, ರಬ್ಬರು, ಮದುವೆ ಸೀಸನ್ನು ಎಲ್ಲ ಮುಗಿಯುವ ಹೊತ್ತಿಗೆ ಬಾಗಿಲು ತೆರೆದ ಸದ್ದು ಕೇಳಿಸಿತು. ಅವಳು ಹೆಡ್‌ಫೋನು ಇಳಿಸಿದಳು.

"ಅವರು ಯಾರು?" ಎಂದರು ಮ್ಯಾನೇಜರು.

"ನಮ್ಮತ್ತೆ."

"ಅವರು ಕಂಪನಿಯವರಲ್ಲ."

"ಅಲ್ಲ ಸಾರ್. ಕಂಪನಿಯವರು ಪಕ್ಕದಲ್ಲಿದ್ದಿದ್ರೆ ಅತ್ತೆ ಯಾಕೆ ಬೇಕಿತ್ತು? ನೀವು ತೋರಿಸ್ತಿರೋ ಅಂಕಿ ನನ್ನೊಬ್ಬಳದ್ದಲ್ಲ. ಅದನ್ನ ಮುಂದಿಟ್ಟುಕೊಂಡು ಉಳಿದವರನ್ನ ಬೈಬೇಡಿ."

"ಸೋಮವಾರದಿಂದ ಆಫೀಸಿಗೆ ಬನ್ನಿ. ಎಲ್ಲರೂ. ನಿಮಗೆ ನೋಟೀಸೂ ಬರುತ್ತೆ."

"ಬರಲಿ. ಪಕ್ಕದಲ್ಲಿ ಕುರ್ಚಿ ಇರುತ್ತಾ?"

"ಹೊಸ ವ್ಯವಸ್ಥೆ. ಒಬ್ಬರಿಗೊಂದು ಮೇಜು, ಮಧ್ಯ ಗಾಜು."

"ಹಾಗಾದ್ರೆ ಅದೂ ಮನೇನೇ ಬಿಡಿ ಸಾರ್. ಬಸ್ ಚಾರ್ಜು ಒಂದು ಜಾಸ್ತಿ."

ಯಾರೋ ನಕ್ಕರು. ತೀರಾ ಮೆಲ್ಲಗೆ ಮಾತಾಡುವುದಕ್ಕೆ ಎಲ್ಲರಿಂದ ಪಿಸುಮಾತು ಅನ್ನಿಸಿಕೊಂಡಿದ್ದ ಹುಡುಗಿ, ಹಿಂದೆ ಅವಳ ಮೇಜಿನಲ್ಲೇ ಇದ್ದವಳು, "ಸಾರ್, ನಂಗೂ ಪಕ್ಕದಲ್ಲಿ ಕುರ್ಚಿ ಬೇಕು," ಎಂದಳು. ಮ್ಯಾನೇಜರ ಚೌಕ ಪರದೆಯಿಂದ ಮಾಯವಾಯಿತು.

"ಕೆಲಸ ಹೋಯ್ತಾ?" ಎಂದರು ಅತ್ತೆ.

"ಇಲ್ಲ. ಬಸ್ಸು ಬಂತು."

"ನಿನ್ನ ಬಾಯಿ ಒಂದು." ಅತ್ತೆ ಎದ್ದು ಸ್ಟೂಲನ್ನು ಅಡುಗೆಮನೆಗೆ ಒಯ್ದರು. ಅಲ್ಲಿಂದಲೇ ಹೇಳಿದರು, "ಆ ಸ್ಪ್ಯಾನರ್‌ಗೆ ಹೇಳು, ನನ್ನ ನಂಬರು ಅಳಿಸಬೇಡ ಅಂತ."

ಸೋಮವಾರ ಮೇಜಿನ ಮೇಲೆ ನೋಟೀಸು ಕಾದಿತ್ತು. ಅವಳು ಓದಿ, ಸಿಕ್ಕಿದ್ದಕ್ಕೆ ಸಹಿ ಹಾಕಿ, ಉತ್ತರದಲ್ಲಿ ಒಂದೇ ಸಾಲು ಬರೆದಳು: ಈ ಕೆಲಸ ಇಬ್ಬರದು. ಪಕ್ಕದ ಗಾಜಿನಾಚೆ ಪಿಸುಮಾತು ಕೈಕಟ್ಟಿ ಕೂತಿದ್ದಳು. ಪಿಸುಮಾತಿನ ಕುರ್ಚಿ ನೆಲಕ್ಕೆ ಬೋಲ್ಟು ಬಿಗಿದದ್ದು. ಇವಳು ನೋಟೀಸು ಬದಿಗಿಟ್ಟು ಎದ್ದು ಮ್ಯಾನೇಜರ ಕೋಣೆಗೆ ಹೋದಳು. ಅವರು ಇನ್ನೂ ಬಂದಿರಲಿಲ್ಲ. ಅವರ ಮೇಜಿನೆದುರು ಬಂದವರಿಗೆಂದು ಹಾಕಿದ್ದ ಮೆತ್ತನೆಯ ಕುರ್ಚಿಯನ್ನು ತನ್ನ ಮೇಜಿನವರೆಗೆ ಎಳೆತಂದಳು. ಅದರ ಒಂದು ಚಕ್ರ ಉದ್ದಕ್ಕೂ ಕಿರುಗುಟ್ಟಿತು. ಸಾಲುಸಾಲು ಗಾಜಿನ ಹಿಂದೆ ತಲೆಗಳು ಎದ್ದವು.

"ಬಾ ಇಲ್ಲಿ," ಎಂದಳು ಪಿಸುಮಾತಿಗೆ.

ಕೂತಿದ್ದಾರೋ ಇಲ್ಲವೋ, ಗಂಟೆ ಬಡಿಯಿತು. ಅವಳು ಮಾತಿಗೆ ತೊಡಗಿದಳು, ವಿಳಾಸ ಗಟ್ಟಿಯಾಗಿ ಹೇಳಿದಳು. ಪಕ್ಕದಲ್ಲಿ ಪಿಸುಮಾತು ಫೋನು ಹಿಡಿದು ಏನೋ ಪಿಸುಗುಟ್ಟುತ್ತಿದ್ದಳು. ಇವಳು ತಿರುಗದೆ ಮೊಣಕೈಯಿಂದ ಅವಳನ್ನು ತಿವಿದಳು.

"ಲೋಟ ಕೆಳಗಿಡಪ್ಪಾ ಮೊದಲು," ಎಂದಳು ಪಿಸುಮಾತು, ಇಡೀ ಸಾಲಿಗೆ ಕೇಳುವಂತೆ.

ಗಾಜಿನ ಕೋಣೆಗೆ ಆಗಲೇ ಮ್ಯಾನೇಜರು ಬಂದಿದ್ದರು. ಅವರನ್ನು ನೋಡಲು ಬಂದ ಯಾರೋ ಎದುರಿಗೆ ನಿಂತುಕೊಂಡೇ ಮಾತಾಡುತ್ತಿದ್ದರು.